ಬಿಸಿಲಿನ ಹೆಸರಿನಲ್ಲಿ

ಎಲ್ಲಕ್ಕೂ ಕಾರಣ ಚಿಕ್ಕಹನುಮಯ್ಯ ಹೇಳಿದ ಒಂದು "ಆಯ್ತು ಸಾರ್".

ಸಾತನೂರಿನಾಚೆ, ಗುಡ್ಡದ ಮಗ್ಗುಲಲ್ಲಿದ್ದ ಸೇನೆಯ ದಾಸ್ತಾನು ಶಿಬಿರದಲ್ಲಿ ಅವನು ಹನ್ನೊಂದು ವರ್ಷದಿಂದ ಜನರೇಟರ್ ಆಪರೇಟರ್. ಹನ್ನೊಂದು ವರ್ಷವೂ ಹಂಗಾಮಿ. ಶಿಬಿರದ ಮಾಳಿಗೆಗೆ ಸೋಲಾರ್ ಹಲಗೆಗಳು ಬಂದಾಗ ಮೇಜರ್ ಸಾಹೇಬರಿಗೊಂದು ಹುಮ್ಮಸ್ಸು ಹುಟ್ಟಿತು. ಉದ್ಘಾಟನೆಗೆ ಬರುವ ಬ್ರಿಗೇಡಿಯರ್ ಕೈಯಲ್ಲೇ ಹೊರಗಿನ ಲೈನಿನ ಮೇನ್ ಸ್ವಿಚ್ ಇಳಿಸಿ, ಶಿಬಿರ ಸ್ವಂತ ಕರೆಂಟಿನಲ್ಲಿ ನಡೆಯುವುದನ್ನು ತೋರಿಸಬೇಕು. "ನಡೆಸ್ತೀಯಲ್ಲ?" ಎಂದು ಕೇಳಿದರು. ಅಲ್ಲಿ ಅಧಿಕಾರಿಗೆ ಇಲ್ಲ ಎನ್ನುವ ರೂಢಿ ಇರಲಿಲ್ಲ; "ಆಯ್ತು ಸಾರ್" ಎಂದುಬಿಟ್ಟ. ಚೆನ್ನಾಗಿ ನಡೆದರೆ ಅವನ ಖಾಯಂ ಕಾಗದಕ್ಕೆ ಅವತ್ತೇ ಬ್ರಿಗೇಡಿಯರ್ ಸಹಿ ಎಂದು ಮೇಜರ್ ಮಾತು ಕೊಟ್ಟರು.

ಉದ್ಘಾಟನೆಯ ದಿನ ಬೆಳಿಗ್ಗೆ, ಯಾವುದಕ್ಕೂ ಇರಲಿ ಎಂದು, ಅವನು ಕನಕಪುರದ ವಿದ್ಯುತ್ ಇಲಾಖೆಯ ಎಂಜಿನಿಯರಿಗೆ ಫೋನ್ ಮಾಡಿದ.

"ಲೈನ್ ಹೋದ್ ತಕ್ಷಣ ಸೋಲಾರೂ ನಿಂತೋಯ್ತದೆ ಕಣಯ್ಯ," ಎಂದರು ಎಂಜಿನಿಯರ್. "ರೂಲ್ಸೇ ಹಂಗೆ. ಇಲ್ದಿದ್ರೆ ನಿಮ್ ಕರೆಂಟು ವಾಪಸ್ ಹರಿದು, ಕಂಬದ್ ಮೇಲಿರೋ ನಮ್ ಲೈನ್‌ಮ್ಯಾನ್ ಸಾಯ್ತಾನೆ."

"ಬಿಸ್ಲು ಇದ್ರೂ ನಿಲ್ತದಾ ಸಾರ್?"

"ಬಿಸ್ಲು ನಮ್ ಇಲಾಖೆಗೆ ಬರಲ್ಲ. ಬೇರೆ ಏರ್ಪಾಡು ಬೇಕಂದ್ರೆ ಅರ್ಜಿ ಹಾಕು, ತಪಾಸಣೆ ಆಗ್ಲಿ. ಮೂರು ತಿಂಗ್ಳು."

ಬ್ರಿಗೇಡಿಯರ್ ಬರಲು ಎರಡು ಗಂಟೆಯಿತ್ತು. ಚಿಕ್ಕಹನುಮಯ್ಯನ ಧೈರ್ಯ ಬಿಸಿನೀರಿಗೆ ಬಿದ್ದ ರೇಷ್ಮೆಗೂಡಿನಂತೆ ಎಳೆಎಳೆಯಾಗಿ ಬಿಚ್ಚಿಕೊಂಡಿತು.

ಅಡುಗೆಮನೆಯ ರಸೂಲ್ ಈರುಳ್ಳಿ ಹೆಚ್ಚುತ್ತಲೇ ಪರಿಹಾರ ಕೊಟ್ಟ. "ಅಳ್ತೀಯಾಕೆ ಹನುಮಣ್ಣ? ಈರುಳ್ಳಿ ಹೆಚ್ಚೋನು ನಾನು. ನಿನ್ ಜನರೇಟರ್ ಐತಲ್ಲ, ಶೆಡ್ಡಲ್ಲಿ ಮೊದ್ಲೇ ಓಡಿಸ್ಕಂಡಿರು. ಸಾಹೇಬ್ರು ಸ್ವಿಚ್ ಇಳಿಸ್ತಿದ್ದಂಗೆ ನಾನು ಟವಲ್ ಬೀಸ್ತೀನಿ, ನೀನು ಕರೆಂಟು ಬುಡು. ಬಲ್ಬಿಗೇನು ಗೊತ್ತು, ಬಿಸ್ಲೋ ಡೀಸೆಲ್ಲೋ."

"ಸದ್ದು?"

"ಅದ್ಕೆ ನಾನಿಲ್ವಾ," ಎಂದ ನೀರಿನ ಟ್ಯಾಂಕರ್ ಓಡಿಸುವ ಗಫಾರ್. "ಶೆಡ್ ಮುಂದೆ ಗಾಡಿ ತಂದು ಸ್ಟಾರ್ಟಲ್ಲೇ ಬುಟ್ಟಿರ್ತೀನಿ. ಎಲ್ಲ ನನ್ ಗಾಡಿ ಸದ್ದೇ ಅನ್ಕತಾರೆ. ಆದ್ರೆ ಖಾಯಂ ಆದ್ಮೇಲೆ ಬಿರಿಯಾನಿ ಹಾಕಿಸ್ಬೇಕು ಕಣ್ಲಾ."

ಹನ್ನೊಂದಕ್ಕೆ ಬ್ರಿಗೇಡಿಯರ್ ಬಂದರು. ಧಾರವಾಡದ ಕಡೆಯವರು. ಶೆಡ್ಡಿನ ತಗಡಿನ ತೂತಿಗೆ ಕಣ್ಣಿಟ್ಟು ನಿಂತ ಚಿಕ್ಕಹನುಮಯ್ಯನಿಗೆ ಹೊಗೆಯಲ್ಲಿ ಉಸಿರು ಕಟ್ಟುತ್ತಿತ್ತು. ಜಗಲಿಯಲ್ಲಿ ಸ್ವಿಚ್ ಇಳಿಯಿತು. ರಸೂಲ್ ಟವಲ್ ಬೀಸಿದ. ಅವನು ಹಿಡಿಕೆ ತಿರುಗಿಸಿದ. ಫ್ಯಾನುಗಳು ಒಂದು ಸಲ ಬಿಕ್ಕಿ ಮತ್ತೆ ತಿರುಗಿದವು. ಚಪ್ಪಾಳೆ ಕೇಳಿತು.

ಅಷ್ಟರಲ್ಲೇ ಬ್ರಿಗೇಡಿಯರ್ ಇತ್ತ ನಡೆದು ಬಂದರು.

"ಯಾಂವಪಾ ಇಂವಾ, ಗಾಡಿ ಸುಮ್ನ ಚಾಲೂ ಇಟ್ಟಾನ? ಡೀಸೆಲ್ ನಿಮ್ಮಪ್ಪಂದೇನು? ಬಂದ್ ಮಾಡು."

ಗಫಾರ್ ಚಾವಿ ತಿರುಗಿಸಿದ. ಟ್ಯಾಂಕರ್ ನಿಂತಿತು. ಸದ್ದು ನಿಲ್ಲಲಿಲ್ಲ.

"ಬಂದ್ ಮಾಡು ಅಂದ್ನೆಲ್ಲೋ."

"ಮಾಡ್ದೆ ಸಾರ್. ಹಳೇ ಗಾಡಿ. ಆಫ್ ಮಾಡಿದ್ರೂ ಒಸಿ ಹೊತ್ತು ಹಂಗೇ ಗೊಣಗ್ತಿರ್ತದೆ, ನಮ್ಮತ್ತೆ ಥರ."

ಬ್ರಿಗೇಡಿಯರ್ ನಕ್ಕುಬಿಟ್ಟರು. ಆಗಲೇ ಗುಡ್ಡದ ಕಡೆಯಿಂದ ಎಮ್ಮೆಯಂಥ ಮೋಡವೊಂದು ಬಂದು ಬಿಸಿಲಿನ ಮೇಲೆ ಮಲಗಿತು. ಅಂಗಳ ಕಪ್ಪಾಯಿತು. ಫ್ಯಾನುಗಳು ಮಾತ್ರ ಅದೇ ವೇಗದಲ್ಲಿ ತಿರುಗುತ್ತಿದ್ದವು. ಬ್ರಿಗೇಡಿಯರ್ ಆಕಾಶ ನೋಡಿದರು, ಫ್ಯಾನು ನೋಡಿದರು, ಮೇಜರ್ ಬೆನ್ನು ತಟ್ಟಿದರು.

"ಮೋಡ ಆದ್ರೂ ನಿಂದ್ರವಲ್ದು. ಭಾಳ ಚಲೋ. ಆ ಮೇನ್ ಸ್ವಿಚ್ ಹಂಗೇ ಇರ್ಲಿ. ನಾ ಊಟ ಮಾಡಿ ಹೋಗೂತನಾ ಇದರ ಮ್ಯಾಲೇ ನಡೀಲಿ."

ಎರಡು ಗಂಟೆ ಕಳೆಯಿತು. ಚಿಕ್ಕಹನುಮಯ್ಯ ಶೆಡ್ಡು ಬಿಟ್ಟು ಕದಲಲಿಲ್ಲ. ಮುಖಕ್ಕೆ ಮಸಿ, ಕಣ್ಣಿಗೆ ಉರಿ. ಆದರೂ ಖಾಯಂ ಆದಮೇಲೆ ಹೆಂಡತಿ ಚಿನ್ನಮ್ಮನಿಗೆ ಮೊದಲು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದ. ಊಟ ಬಡಿಸಿದ ರಸೂಲ್ ಬಾಗಿಲಿಗೆ ಬಂದ.

"ಸಹಿ ಆಯ್ತಾ?"

"ಪೆನ್ನು ತಗದ್ರು ಕಣಣ್ಣ. ಕಾಗದ ಓದುದ್ರು. 'ಜನರೇಟರ್ ಆಪರೇಟರಾ? ಈ ಸೋಲಾರ್ ಮೋಡಕ್ಕೂ ಜಗ್ಗಲ್ಲ, ಇನ್ನು ಜನರೇಟರ್ ಯಾಕೆ?' ಅಂದ್ರು. ನಾಳೆ ಅದನ್ನ ಬೇರೆ ಕ್ಯಾಂಪಿಗೆ ಸಾಗಿಸ್ತಾರಂತೆ. ನಿನ್ ಪೋಸ್ಟು ತಗದಾಕವ್ರೆ."

"ಮೇಜರ್ ಸಾಹೇಬ್ರು ಏನಂದ್ರು?"

"ಆಯ್ತು ಸಾರ್ ಅಂದ್ರು."

ಚಿಕ್ಕಹನುಮಯ್ಯ ಜನರೇಟರನ್ನೇ ನೋಡುತ್ತ ನಿಂತ. ಹೋಗಿ ನಿಜ ಹೇಳಿದರೆ ಸೇನೆಗೆ ಮೋಸ ಮಾಡಿದ ಕೇಸು. ಅವನ ಜೊತೆ ರಸೂಲನೂ ಗಫಾರನೂ ಒಳಗೆ. ಹೇಳದಿದ್ದರೆ ನಾಳೆಯಿಂದ ಮನೆ.

ಎಂಜಿನ್ ಒಮ್ಮೆ ಕೆಮ್ಮಿತು. ಟ್ಯಾಂಕಿನಲ್ಲಿ ಡೀಸೆಲ್ ತಳ ಕಂಡಿತ್ತು. ಆಫೀಸಿನ ಹುಡುಗ ಓಡಿ ಬಂದು, ಮೇಜರ್ ಸಾಹೇಬರು ಹೇಳಿ ಕಳಿಸಿದ್ದಾರೆ, ಬಲ್ಬು ಮಿಣುಕುತ್ತಿದೆ, ಸೋಲಾರ್ ಒಸಿ ನೋಡಬೇಕಂತೆ ಎಂದ.

"ಏನ್ ಮಾಡ್ತಾವ್ರೆ ಅಲ್ಲಿ?" ಎಂದ ಚಿಕ್ಕಹನುಮಯ್ಯ.

"ನಿಮ್ದೇ, ಪೋಸ್ಟು ತಗಿಯೋ ಆರ್ಡರು. ಪ್ರಿಂಟರ್‌ನಲ್ಲಿ ಅರ್ಧ ಬಂದು ನಿಂತೋಗೈತೆ."

ಚಿಕ್ಕಹನುಮಯ್ಯ ಕ್ಯಾನಿನ ಮುಚ್ಚಳ ಬಿಚ್ಚಿ, ಒಂದು ಹನಿಯೂ ಚೆಲ್ಲದಂತೆ, ಟ್ಯಾಂಕಿಗೆ ಡೀಸೆಲ್ ಸುರಿದ.