ಒಂದು ಕಣ್ಣಿಗೆ ಒಂದೇ ಕೂಸು

ನಮ್ಮ ಅತ್ತೆಯವರಿಗೆ ಎಣಿಸಲು ಬರುವುದು ಒಂದರವರೆಗೆ ಮಾತ್ರ. ನಂಬಿಕೆ ಬರಲಿಲ್ಲವೇ? ಹೊಳೆನರಸೀಪುರಕ್ಕೆ ಬಂದು ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಅವರಿಗೆ ಎಷ್ಟು ಮೊಮ್ಮಕ್ಕಳು ಎಂದು. "ಒಂದು ಹೆಣ್ಣುಮಗು" ಎನ್ನುತ್ತಾರೆ. ಹೆತ್ತವಳು ನಾನು, ನನಗೆ ತಿಳಿದ ಮಟ್ಟಿಗೆ ಎರಡು. ನಿಜ ಗೊತ್ತಿರುವ ಪಕ್ಕದ ಮನೆಯವರಿಂದ ಅತ್ತೆ ಭಾಷೆ ತೆಗೆದುಕೊಂಡಿದ್ದಾರೆ. ಚನ್ನರಾಯಪಟ್ಟಣದ ತೋಟದಿಂದ ಬಂದ ತೆಂಗಿನಕಾಯಿಯಲ್ಲಿ ಒಂದು ಕಡಿಮೆಯಾದರೂ ರಾಶಿ ನೋಡಿಯೇ ಹೇಳಬಲ್ಲ ಹೆಂಗಸು ಇವರು! ಮೊಮ್ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ಒಂದಕ್ಕೇ ನಿಂತುಬಿಡುತ್ತಾರೆ.

ಇದಕ್ಕೆ ಕಾರಣ ಹಾಸನದ ಆಸ್ಪತ್ರೆಯಲ್ಲಿದೆ. ನನ್ನ ಅವಳಿಗಳಾದ ಸಿರಿ, ಸಿಂಚು ದಿನ ತುಂಬುವ ಮೊದಲೇ ಹುಟ್ಟಿದವರು. ಅಂಗೈಯಗಲದ ಎರಡು ಜೀವಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನೋಡಲು ಬಂದ ನೆಂಟರೊಬ್ಬರು, "ಬುಡವ್ವ, ಎಲ್ಡರಲ್ಲಿ ಒಂದು ಉಳುದ್ರೂ ಸಾಕು" ಎಂದು ಸಮಾಧಾನ ಹೇಳಿ, ಕಿತ್ತಳೆಹಣ್ಣು ಕೊಟ್ಟು ಹೋದರು. ಅತ್ತೆ ಆ ಹಣ್ಣನ್ನು ಮುಟ್ಟಲಿಲ್ಲ. ನೆಂಟರು ಹೋದ ಮೇಲೆ ನನ್ನ ಮಂಚದ ಪಕ್ಕ ಕುಳಿತು ಹೇಳಿದರು:

"ಎಲ್ಡು ಕಂಡೋರು ಒಂದು ಸಾಕು ಅಂತಾರೆ ಕಣಮ್ಮಿ. ಒಂದೇ ಕಂಡೋರು ಏನೂ ಅನ್ನಾಕಿಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು. ಎರಡು ಮಕ್ಕಳು ಹೊರಗಿನವರ ಕಣ್ಣಿಗೆ ಒಟ್ಟಿಗೆ ಬೀಳಕೂಡದು. ಇಬ್ಬರಿಗೂ ಒಂದೇ ಬಣ್ಣದ ಫ್ರಾಕು, ಕೆನ್ನೆಯ ಮೇಲೆ ಒಂದೇ ಅಳತೆಯ ಕಾಡಿಗೆ ಬೊಟ್ಟು. ಬೇರೆ ಬೇರೆ ಬಟ್ಟೆ ಹಾಕಿದರೆ ಜನ ಎಣಿಸುತ್ತಾರಂತೆ. ಜನರೇನೋ ಎಣಿಸಲಿಲ್ಲ, ನಮಗೇ ಎಣಿಸಲಾಗದೆ ಒಬ್ಬಳಿಗೆ ಎರಡು ಸಲ ರಾಗಿಸರಿ ತಿನ್ನಿಸಿ, ಇನ್ನೊಬ್ಬಳು ಯಾಕೆ ಹೀಗೆ ಅಳುತ್ತಿದ್ದಾಳೆಂದು ದೇವರಿಗೆ ಹರಕೆ ಹೊತ್ತದ್ದೂ ಉಂಟು.

ಸಂಜೆಯಾದರೆ ನಿವಾಳಿಸುವ ಕಾರ್ಯಕ್ರಮ. ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಕ್ಕಳಿಗೆ ಸುತ್ತಿ, ಬಚ್ಚಲ ಒಲೆಗೆ ಹಾಕುವುದು. ಘಾಟು ಬಂದರೆ ದೃಷ್ಟಿಯಾಗಿಲ್ಲ, ಬರದಿದ್ದರೆ ಆಗಿದೆ ಎಂದು ಲೆಕ್ಕ. ನಾವೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡುತ್ತಿದ್ದರೆ ಅತ್ತೆ ಒಲೆಯ ಮುಂದೆಯೇ ಕುಳಿತು, "ನೋಡ್ದಾ, ಒಂಚೂರೂ ಘಾಟಿಲ್ಲ. ಯಾವ ಪಾಪಿ ಕಣ್ಣು ಬಿದ್ದದೋ" ಎನ್ನುತ್ತಿದ್ದರು. ಅವರಿಗೆ ಮೂಗಿಲ್ಲವೋ, ನಮಗೆ ಬುದ್ಧಿಯಿಲ್ಲವೋ, ತಿಳಿಯದು.

ಪೋಲಿಯೋ ಹನಿಯ ಭಾನುವಾರ ಅತ್ತೆ ಬೆಳಿಗ್ಗೆ ಸಿರಿಯನ್ನು ಕರೆದುಕೊಂಡು ಹೋದರು, ಮಧ್ಯಾಹ್ನ ಸಿಂಚುವನ್ನು. ಹನಿ ಹಾಕುವ ಹುಡುಗಿ ತಲೆಯೆತ್ತಿ, "ಅಜ್ಜಿ, ಬೆಳಿಗ್ಗೆನೇ ಹಾಕಿದ್ನಲ್ಲ?" ಎಂದಳು.

"ಸರ್ಯಾಗಿ ಬಿದ್ದಿಲ್ಲ ಕಣವ್ವ, ಇನ್ನೊಂದ್ ದಪ ಹಾಕು."

"ಬೆರಳಿಗೆ ಹಾಕಿದ್ದ ಶಾಯಿ ಎಲ್ಲೋಯ್ತು?"

"ಚೀಪ್ಕೊಬುಡ್ತು."

ಹುಡುಗಿ ಅಜ್ಜಿಯನ್ನೂ ಶಾಯಿಯ ಬಾಟಲಿಯನ್ನೂ ಒಂದೇ ಅನುಮಾನದಿಂದ ನೋಡಿದಳಂತೆ. ಹನಿಯೇನೋ ಬಿತ್ತು. ಮನೆಗೆ ಬಂದ ಅತ್ತೆ ಕೋಟೆ ಗೆದ್ದವರಂತೆ ಕಾಲು ಚಾಚಿ ಕುಳಿತರು.

ಬಸ್ಸಿನಲ್ಲಿ ಅವರು ಮುಂದಿನ ಸೀಟು, ನಾನು ಕೊನೆಯ ಸೀಟು. ಇಳಿಯುವವರೆಗೆ ನಾನ್ಯಾರೋ ಅವರ್ಯಾರೋ. ಅರಕಲಗೂಡು ದಾರಿಯಲ್ಲಿ ಕಂಡಕ್ಟರೊಬ್ಬ ಮುಂದೆ ಚೀಟಿ ಕೊಟ್ಟು, ಹಿಂದೆ ಬಂದು ನನ್ನ ತೊಡೆಯ ಮೇಲಿನ ಮಗುವನ್ನು ನೋಡಿ, ಮತ್ತೆ ಮುಂದೆ ಹೋಗಿ ನೋಡಿ, ಡ್ರೈವರ್ ಪಕ್ಕ ಕುಳಿತು ನೀರು ಕುಡಿದ. ನನಗೆ ನಗು. ಅತ್ತೆ ಮಾತ್ರ ಮಗುವಿನ ಮುಖಕ್ಕೆ ಸೆರಗು ಮುಚ್ಚಿ, ಆಂಜನೇಯನನ್ನು ನೆನೆಯುತ್ತಾ ಬಂದರು. ನಿಜ ಹೇಳಬೇಕೆಂದರೆ ಆ ಭಯ ನನ್ನೊಳಗೂ ಇತ್ತು. ಗಾಜಿನ ಪೆಟ್ಟಿಗೆ ಕಂಡವರಿಗೆ ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮಕ್ಕಳಿಗೆ ಮೂರು ತುಂಬಿತ್ತು. ಕೊಣನೂರಿನಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಬರುವಾಗ ಅಲ್ಲಿ ಸಂತೆ. ಕಾನೂನಿನಂತೆ ನಾನು ಸಿರಿಯನ್ನು ಎತ್ತಿಕೊಂಡು ಈ ಸಾಲಿನಲ್ಲಿ ಕಡ್ಲೆಪುರಿ ಕೊಂಡೆ. ಅತ್ತೆ ಸಿಂಚುವಿನ ಕೈ ಹಿಡಿದು ಆ ಸಾಲಿನಲ್ಲಿ ಅವರೆಕಾಯಿ ನೋಡುತ್ತಿದ್ದರು. ಅವರೆಕಾಯಿಯ ಸೊಗಡು ನೋಡಲು ಎರಡು ಕೈ ಬೇಕು. ಮಗುವಿನ ಕೈ ಬಿಟ್ಟು, ಕಾಯಿ ಉಜ್ಜಿ ಮೂಸಿ ತಿರುಗುವಷ್ಟರಲ್ಲಿ ಸಿಂಚು ಇಲ್ಲ.

ಅತ್ತೆ ಮೊದಲ ಬಾರಿಗೆ ಕಾನೂನು ಮುರಿದು ನನ್ನ ಬಳಿ ಓಡಿ ಬಂದರು. "ನಿನ್ ತಾವ್ ಬಂತೇನಮ್ಮಿ?" ಬಂದಿರಲಿಲ್ಲ. ಸಂತೆಯ ಅಂಚಿನಲ್ಲಿ ಬಸ್ಸುಗಳು ಹಿಂದಕ್ಕೆ ತಿರುಗುತ್ತಿದ್ದವು. ಊರು ದಾಟಿದರೆ ಕಾವೇರಿ.

"ಕೆಂಪು ಫ್ರಾಕು, ಮೂರು ವರ್ಷದ ಮಗು ಕಂಡ್ರಾ?" ಎಂದು ಕೇಳಿದರೆ ಎಲ್ಲರೂ ನನ್ನ ಕಂಕುಳನ್ನೇ ತೋರಿಸುತ್ತಿದ್ದರು. ಅವರೆಕಾಯಿಯವನು, "ಸಿಕ್ತಲ್ಲ ಬುಡಿ, ನಿಮ್ ಜೊತೆಲೇ ಇತ್ತಲ್ಲ ಈ ಕೂಸು" ಎಂದು ನಕ್ಕ. ಬಾಳೆಹಣ್ಣಿನವಳು, "ಕೈಯಾಗೇ ಮಡಿಕೊಂಡು ಊರೆಲ್ಲ ಹುಡುಕ್ತಾರೆ" ಎಂದಳು. ಕಂಡವರಿಗೆಲ್ಲ ಒಂದೇ ಮಗು ಕಂಡಿತ್ತು. ಮೂರು ವರ್ಷ ಅತ್ತೆ ಕಷ್ಟಪಟ್ಟು ಕಟ್ಟಿದ್ದು ಇದನ್ನೇ ಅಲ್ಲವೇ? ಇಲ್ಲದ ಮಗುವನ್ನು ಯಾರು ಹುಡುಕುತ್ತಾರೆ?

ಅತ್ತೆ ಸಿರಿಯನ್ನು ನನ್ನಿಂದ ಕಿತ್ತುಕೊಂಡು, ಅವಳ ಕೆನ್ನೆಯ ಬೊಟ್ಟನ್ನು ಸೆರಗಿನಿಂದ ಒರೆಸಿ, ಮಂಡಿನೋವಿನ ಕಾಲಿನಲ್ಲೇ ಈರುಳ್ಳಿ ಮೂಟೆಯ ಮೇಲೆ ಹತ್ತಿದರು. ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದರು.

"ಎಲ್ರೂ ಇಲ್ ನೋಡ್ರಪ್ಪ. ಕಣ್ ತುಂಬ ನೋಡಿ. ಇಂಗೇ ಇನ್ನೊಂದದೆ. ನಂಗೆ ಎಲ್ಡು ಮೊಮ್ಮಕ್ಳು. ಒಂದು ಸಾಲ್ದು ಕಣ್ರಪ್ಪ, ನಂಗೆ ಎಲ್ಡೂ ಬೇಕು."

ಸಂತೆಯ ಗದ್ದಲ ತಗ್ಗಿತು. ಕೊಳ್ಳುವವರು, ಮಾರುವವರು, ಎಲ್ಲರೂ ಸಿರಿಯನ್ನು ನೋಡಿದರು, ನೋಡಿ ಹುಡುಕಲು ಚದುರಿದರು. ಆಗ ಕಡ್ಲೆಪುರಿಯ ಹೆಂಗಸು ತನ್ನ ಚೀಲಗಳ ಸಂದಿಯಿಂದ ಎದ್ದಳು. ಅವಳ ಸೊಂಟದ ಮೇಲೆ ಬಾಯಿ ತುಂಬ ಪುರಿ ತುಂಬಿಕೊಂಡ ಸಿಂಚು.

"ಅಂಗಾರೆ ಇದು ಬ್ಯಾರೆನಾ? ಆಗ್ಲೇ ಪುರಿ ತಕೊಂಡೋರ ಕೂಸು ವಾಪಸ್ ಬಂದದೆ, ಅವ್ವ ಬತ್ತಾಳೆ ಅಂತ ಕೂರಿಸ್ಕೊಂಡಿದ್ನಲ್ಲ!"

ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ.

ಹಿಂದಿರುಗುವ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಎರಡು ತೊಡೆಯ ಮೇಲೂ ಒಂದೊಂದು ಮಗು ಕೂರಿಸಿಕೊಂಡರು. ನನ್ನನ್ನೂ ಪಕ್ಕಕ್ಕೆ ಕರೆದರು. ಯಾರೋ, "ಅವಳಿ-ಜವಳಿನಾ?" ಎಂದು ಕೇಳಿದರು. ಅತ್ತೆ ಸೆರಗು ಮುಚ್ಚಲಿಲ್ಲ. "ಊಂ ಕಣವ್ವ, ಎಲ್ಡೂ ನಮ್ವೇ" ಎಂದರು.

ಸಂಜೆ ಮನೆಯಲ್ಲಿ ಮೆಣಸಿನಕಾಯಿಗೆ ಹೆದರಿ ನಾವೆಲ್ಲ ಮೊದಲೇ ಅಂಗಳಕ್ಕೆ ಹೋಗಿ ನಿಂತೆವು. ಇಡೀ ಕೊಣನೂರಿನ ಕಣ್ಣು ಬಿದ್ದ ದಿನ ಅದು, ಇವತ್ತು ಎಷ್ಟು ಮೆಣಸಿನಕಾಯಿ ಸುಡುತ್ತದೋ ಎಂಬ ಚಿಂತೆ. ಬಹಳ ಹೊತ್ತಾಯಿತು. ಇಣುಕಿ ನೋಡಿದೆ. ಇಬ್ಬರು ಮಕ್ಕಳನ್ನೂ ಎದೆಗೊತ್ತಿಕೊಂಡು ಒಲೆಯ ಮುಂದೆ ಕುಳಿತಿದ್ದರು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಏನಾಯ್ತು ಅತ್ತೆ?" ಎಂದೆ.

ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಏನಿಲ್ಲ ಕಣಮ್ಮಿ. ಇವತ್ತು ಬಲೇ ಘಾಟು."

ಒಲೆಗೆ ಅವರು ಇನ್ನೂ ಮೆಣಸಿನಕಾಯಿ ಹಾಕಿರಲೇ ಇಲ್ಲ.