ರಸ್ತೆಗಿಂತ ಮೊದಲೇ ಬಂದ ಜೀಪು

ಎರಡು ಕೆಲಸ ಒಟ್ಟಿಗೆ ಹೇಳಿದರೆ ಕಂಪ್ಯೂಟರಿಗೂ ತಲೆ ಕೆಡುತ್ತದೆ. ಬೆಚ್ಚಿಬೀಳುವುದು ಮಾತ್ರ ನಾವು. ಕೊಪ್ಪಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಾನು, ನನ್ನ ಭಾವ ಸೇರಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆವು. ಬಿಡುವಿನಲ್ಲಿ ಜೀಪ್ ಓಡಿಸುವ ಗೇಮೊಂದನ್ನು, ಅದನ್ನು ನಡೆಸುವ ಮೂಲ ಪ್ರೋಗ್ರಾಮ್ ಅಂದರೆ ಎಂಜಿನ್ ಸಮೇತ, ನಾವೇ ಬರೆಯಲು ಹೊರಟೆವು.

೧. ನೆಲವಿಲ್ಲ

ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಕೆಲಸಗಳಿಗೆ ಥ್ರೆಡ್ ಅನ್ನುತ್ತಾರೆ. ನಮ್ಮ ಒಂದು ಥ್ರೆಡ್ ಚಿತ್ರ ಬಿಡಿಸುತ್ತಿತ್ತು. ಇನ್ನೊಂದು ಹಿಂದಿನಿಂದ ಸದ್ದಿಲ್ಲದೆ ಮುಂದಿನ ರಸ್ತೆಯನ್ನು ತಂದು ಹಾಕುತ್ತಿತ್ತು. ನೋಡೋಣ ಅಂತ ಬಸರೀಕಟ್ಟೆಯ ಜೀಪ್ ಡ್ರೈವರೊಬ್ಬರನ್ನು ಕೂರಿಸಿದೆವು. ಅವರು ವೇಗದ ಕೀಲಿ ಒತ್ತಿದವರು ಬಿಡಲೇ ಇಲ್ಲ. ರಸ್ತೆ ಬರುವ ಮೊದಲೇ ಜೀಪ್ ಅಲ್ಲಿಗೆ ತಲುಪಿ, ಕಪ್ಪು ಪಾತಾಳಕ್ಕೆ ಬೀಳತೊಡಗಿತು. ಅವರ ಕಾಲು ಮೇಜಿನಡಿ ಬ್ರೇಕ್ ಹುಡುಕುತ್ತಿತ್ತು.

"ರಸ್ತೆ ಬಂತಾ ಅಂತ ಕೇಳಿ ಆಮೇಲೆ ಜೀಪ್ ಬಿಡಬೇಕಿತ್ತು," ಎಂದ ಭಾವ.

ಡ್ರೈವರ್ ಬೆವರು ಒರೆಸಿಕೊಂಡರು. "ಇರ್ಲಿ ಮಾರಾಯ. ಮಳೆಗಾಲದಲ್ಲಿ ನಮ್ಮ ರಸ್ತೆಯೂ ಹೀಗೇ."

೨. ದನ

ಶೃಂಗೇರಿಯಿಂದ ಬಂದಿದ್ದ ಅತ್ತೆ ಪರದೆ ನೋಡಿ ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡರು. ಜೀಪಿನಲ್ಲಿ ಡ್ರೈವರ್ ಇಲ್ಲ; ರಸ್ತೆಗೆ ಅಡ್ಡ ನಿಲ್ಲಬೇಕಾದ ದನ ಕೂತಿದೆ. ಯಾರು ಎಲ್ಲಿರಬೇಕು ಅನ್ನುವ ಒಂದೇ ಲೆಕ್ಕವನ್ನು ಎರಡು ಥ್ರೆಡ್‌ಗಳು ಒಟ್ಟಿಗೆ ತಿದ್ದಿ ಅದಲುಬದಲು ಮಾಡಿದ್ದವು.

"ಒಬ್ಬರು ಮುಟ್ಟುವಾಗ ಇನ್ನೊಬ್ಬರು ಹೊರಗೆ ಕಾಯೋ ಹಾಗೆ ಬೀಗ ಹಾಕ್ಬೇಕು ಅತ್ತೆ. ಈಗಲೇ ಸರಿಮಾಡ್ತೇನೆ," ಎಂದೆ.

ದನ ಇನ್ನೊಂದು ತಿರುವು ದಾಟುವುದನ್ನು ಅತ್ತೆ ನೋಡಿದರು. "ಎಂತಕ್ಕೆ? ನಿಂಗಿಂತ ಅದೇ ಚೆನ್ನಾಗಿ ಓಡಿಸ್ತದೆ."

೩. ಭಾಷಣ

ನರಸಿಂಹರಾಜಪುರದ ಕಾಲೇಜೊಂದರ ವಾರ್ಷಿಕೋತ್ಸವ. ಗೇಮ್ ಮೆಚ್ಚಿಗೆಯಾದರೆ ಅಲ್ಲಿನ ಕಂಪ್ಯೂಟರ್ ಪಾಠ ನಮಗೇ ಅಂದಿದ್ದರು ಪ್ರಿನ್ಸಿಪಾಲರು. ತೋರಿಸಿದೆವು, ಮುಚ್ಚಿದೆವು, ಕೂತೆವು. ಮುಖ್ಯ ಅತಿಥಿಗಳ ಭಾಷಣ ಊಟದ ಹೊತ್ತು ದಾಟಿತು. ಆಗ ನಮ್ಮ ಕಂಪ್ಯೂಟರಿಗೆ ಜೋಡಿಸಿದ್ದ ದೊಡ್ಡ ಸ್ಪೀಕರ್ 'ಪೀಂ' ಎಂದಿತು.

ನಮ್ಮ ಜೀಪಿನದೇ ಹಾರನ್. ಗೇಮ್ ಪರದೆಯಿಂದ ಹೋಗಿತ್ತು. ಆಗಾಗ ಹಾರನ್ ಹೊಡೆಯುವ ಥ್ರೆಡ್ಡಿಗೆ ಮಾತ್ರ ನಿಲ್ಲು ಅಂತ ನಾವು ಹೇಳಿಯೇ ಇರಲಿಲ್ಲ. ಭಾವ ಓಡಿ ಪ್ಲಗ್ ಕಿತ್ತ. ಯುಪಿಎಸ್ ಇತ್ತು. 'ಪೀಂ ಪೀಂ.'

ಅತಿಥಿಗಳು ಮಾತು ನಿಲ್ಲಿಸಿ ಗಡಿಯಾರ ನೋಡಿಕೊಂಡರು. "ಗೊತ್ತಾಯಿತು, ಮುಗಿಸ್ತೇನೆ," ಎಂದು ಕೂತುಬಿಟ್ಟರು.

ಪ್ರಿನ್ಸಿಪಾಲರು ನೇರ ನಮ್ಮತ್ತ ಬಂದರು. ನಮ್ಮ ಕೆಲಸ ಹೋಯಿತು ಅಂತ ಭಾವನ ಮುಖ ಬಿಳಿಚಿತು.

"ಪಾಠ ನಿಮಗೇ," ಎಂದರು ಅವರು ಮೆಲ್ಲಗೆ. "ಆ ಹಾರನ್ ಮಾತ್ರ ರಿಪೇರಿ ಮಾಡ್ಬೇಡಿ. ಮುಂದಿನ ವರ್ಷವೂ ಇವರೇ ಅತಿಥಿ."