ಹೆದ್ರಿಕಿಗೂ ಒಂದು ಸೀಟು

ಕುಂದಾಪುರದಿಂದ ಹಾಲಾಡಿಗೆ ಖಾಸಗಿ ಬಸ್ಸು ಓಡಿಸುವವನು ನಾನು. ಜನ ಸ್ಟಾಪಿನಲ್ಲಿ ಕಾದು ಹತ್ತುತ್ತಾರೆ. ನಗೆಯ ಪ್ರಸಂಗಗಳು ಹಾಗಲ್ಲ, ಓಡುವ ಬಸ್ಸಿಗೇ ಹಾರಿ ಹತ್ತಿಕೊಳ್ಳುತ್ತವೆ, ಟಿಕೆಟೂ ಕೇಳುವುದಿಲ್ಲ. ಈಚೆಗೆ ಹತ್ತಿದವುಗಳಿಗೆಲ್ಲ ಕಾರಣ ನಮ್ಮ ಕಂಡಕ್ಟರ್. ಗುಲ್ವಾಡಿಯವನು, ಮೂವತ್ತು ದಾಟಿದವನು, ಬಾಯಿ ಬಿಟ್ಟರೆ ಎರಡು ಸ್ಟಾಪಿನ ಆಚೆಗೂ ಕೇಳುವಂಥ ಗಂಟಲು.

ನಲವತ್ತು ಜನ ನೆಂಟರು

ಒಂದು ಬೆಳಿಗ್ಗೆ ಬಸ್ಸು ಕಿಕ್ಕಿರಿದಿತ್ತು. ಹುಣ್ಸೆಮಕ್ಕಿ ಹತ್ತಿರ ಅವನು ಕಂಬ ಹಿಡಿದು ಕುಸಿದ. ಮೈಯೆಲ್ಲ ಬೆವರು. "ಅಣ್ಣಯ್ಯ, ಎದಿ ಹೊಡ್ಕಂತಾ ಇತ್ತ್, ನಾ ಸಾಯ್ತೆ" ಎಂದ. ನನಗೆ ಬೇರೇನೂ ತೋಚಲಿಲ್ಲ. ಜನರ ಸಮೇತ ಬಸ್ಸನ್ನು ತಿರುಗಿಸಿ ಸೀದಾ ಆಸ್ಪತ್ರೆಗೆ ನುಗ್ಗಿಸಿದೆ. ಜನರೂ ಒಳ್ಳೆಯವರೇ, ಒಬ್ಬರೂ ಗೊಣಗದೆ ಅವನ ಹಿಂದೆಯೇ ಇಳಿದು ಒಳಗೆ ಬಂದರು.

ನರ್ಸಮ್ಮ ಹೊರಗೆ ಬಂದು "ಇವ್ರ ಕಡಿಯೋರ್ ಯಾರ್?" ಎಂದು ಕೇಳಿದರು. ನಲವತ್ತು ಕೈ ಮೇಲೆದ್ದವು.

ಅರ್ಧ ಗಂಟೆ ಕಳೆದು ಡಾಕ್ಟರಮ್ಮ ಬಂದರು. ಹೃದಯಕ್ಕೆ ಏನೂ ಆಗಿಲ್ಲ, ಇದು ಗಾಬರಿಯ ಕಾಯಿಲೆ, ಮನಸ್ಸಿನದು, ವಾಸಿ ಮಾಡಬಹುದು ಎಂದರು. ಎಲ್ಲರೂ ಉಸಿರು ಬಿಟ್ಟರು. ನಮ್ಮ ಬಸ್ಸಿನ ಖಾಯಂ ಗಿರಾಕಿ, ಮೀನು ಮಾರುವ ಅಕ್ಕ, ಬುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡರು. "ಅವ್ನ ಎದಿ ಸಮ ಇತ್ತಲ್ದಾ? ಹಂಗಾರೆ ಹೊರ್ಡಿ ಮಾರಾಯ್ರೆ, ನನ್ನ್ ಬಂಗ್ಡಿಗ್ ಯಾವ್ ಡಾಕ್ಟ್ರೂ ಮದ್ದ್ ಕೊಡುದಿಲ್ಲ!"

ಮಾತಿಲ್ಲದ ಬಸ್ಸು

ಮಾತ್ರೆ ಶುರುವಾಯಿತು, ಅವನು ಕೆಲಸಕ್ಕೂ ಬಂದ. ಆದರೆ ಕೂಗು ಬರಲಿಲ್ಲ. ಬಾಗಿಲಲ್ಲಿ ನಿಂತು ಬಾಯಿ ತೆರೆದರೆ ಮತ್ತೆ ಎದೆ ಬಡಿದುಕೊಳ್ಳುತ್ತದೆ ಎಂಬ ಭಯ. ಕಂಡಕ್ಟರ್ "ಹೋಲ್ಡಾನ್" ಎಂದರೆ ನಿಲ್ಲಿಸಿ, "ರೈಟ್" ಎಂದರೆ ಹೊರಡುವ ಕಾಲು ನನ್ನದು. ತಲೆಗೆ ಗೊತ್ತಾಗುವ ಮೊದಲೇ ಅದು ಕೆಲಸ ಮುಗಿಸಿರುತ್ತದೆ. ಅವನು ಸುಮ್ಮನಾದ ಮೇಲೆ ನನ್ನ ಕಾಲು ಅನಾಥವಾಯಿತು.

ಊರಿನ ಹೆಸರು ನಾನೇ ಕೂಗಿ ನೋಡಿದೆ. ಎದುರು ಹೋಗುತ್ತಿದ್ದ ಸ್ಕೂಟರಿನವನು ತನಗೇ ಬೈದೆ ಎಂದುಕೊಂಡು ಅಡ್ಡ ನಿಲ್ಲಿಸಿ ಜಗಳಕ್ಕೆ ಬಂದ. ಇನ್ನೊಂದು ದಿನ ಬೇರೆಯೇ ದಿಕ್ಕಿನ ಹಟ್ಟಿಯಂಗಡಿ ಗಣಪತಿಗೆಂದು ಹೊರಟ ಹಿರಿಯರೊಬ್ಬರು ಹೆಸರು ಕೂಗುವವರಿಲ್ಲದೆ ನಮ್ಮ ಬಸ್ಸು ಹತ್ತಿ, ತೆಂಗಿನಕಾಯಿ ಹಿಡಿದುಕೊಂಡೇ ಹಾಲಾಡಿಯಲ್ಲಿ ಇಳಿದರು.

ಬಸ್ಸಿನ ಧಣಿಯ ಕಿವಿಗೆ ಇದು ಬಿತ್ತು. "ಒಂದ್ ತಿಂಗ್ಳ್ ಕಾಂತೆ. ಬಾಗ್ಲಲ್ಲಿ ನಿಂತ್ ಕೂಗೂಕ್ ಆತಿಲ್ದಿದ್ರೆ ಶೆಡ್ಡಲ್ಲಿ ಬಸ್ ತೊಳುದೇ ಸೈ" ಎಂದರು. ಅವನ ಮುಖ ಬಾಡಿತು. ಆ ಬಾಗಿಲೇ ಅವನ ಜೀವ. ಸಮಾಧಾನ ಮಾಡಲೆಂದು "ಹೆದ್ರ್‌ಬೇಡ, ಶೆಡ್ಡಲ್ಲಿ ಜನ ಇರುದಿಲ್ಲ, ಗಾಬ್ರಿಯೂ ಇಲ್ಲ" ಎಂದೆ. ಅಂದು ಸಂಜೆಯವರೆಗೆ ಅವನು ನನ್ನ ಜೊತೆ ಚಾ ಕುಡಿಯಲಿಲ್ಲ.

ಹುಣ್ಸೆಮಕ್ಕಿಯಲ್ಲಿ ಸಮುದ್ರ

ಅವನಿಗೆ ರ‍್ಯಾಪ್ ಹುಚ್ಚು. ನನಗದು ಸೀಟಿಗಾಗಿ ಇಬ್ಬರು ತಾಳ ಹಾಕಿಕೊಂಡು ಜಗಳಾಡಿದ ಹಾಗೆ ಕೇಳುತ್ತದೆ. "ಅದ್ರಗೆ ಎಂತ ಇತ್ತ್ ಮಾರಾಯಾ?" ಎಂದು ಕೇಳಿದೆ.

"ಹಾಡೂರ್ ತಮ್ಮ್ ಹೆದ್ರಿಕಿ, ಬೇಜಾರ್ ಎಲ್ಲ ಮುಚ್ದೇ ಹೇಳ್ತ್ರ್ ಅಣ್ಣಯ್ಯ. ಕೇಂಡ್ರೆ ನಾನೊಬ್ನೇ ಅಲ್ಲ ಅನ್ಸತ್ತ್."

ಡಾಕ್ಟರಮ್ಮನಿಗೂ ಇದನ್ನೇ ಹೇಳಿದನಂತೆ. "ಮಾತ್ರೆ ಬಿಡಬೇಡಿ. ಅದರ ಜೊತೆಗೆ ನಿಮ್ಮ ಹೆದರಿಕೆಯನ್ನು ನೀವೂ ಬರೆದು ತಾಳಕ್ಕೆ ಹೇಳಿ ನೋಡಿ, ಉಸಿರು ಹದಕ್ಕೆ ಬರುತ್ತದೆ" ಎಂದರಂತೆ. ಬರೆದ. ನಾಲ್ಕು ದಿನ ತುಟಿಯಲ್ಲೇ ಹೇಳಿಕೊಂಡ. ಐದನೆಯ ದಿನ ಬಾಗಿಲಿನ ತಗಡು ಬಡಿಯುತ್ತ ಗಟ್ಟಿಯಾಗಿ ಶುರುಮಾಡಿದ:

"ಕೋಟೇಶ್ವರ, ಕಾಳಾವರ, ಎದಿಯೊಳ್ಗೆಂತದೋ ಗರಗರ,
ಹುಣ್ಸೆಮಕ್ಕಿ ಹತ್ರ ಬಂತ್, ಹೆದ್ರಿಕಿಯೂ ಹತ್ಕಂಡ್ ಬಂತ್,
ಹ್ವಾಯ್ ಹೆದ್ರಿಕಿ, ಹಿಂದ್ ಹೋಯ್ನಿ, ಸೀಟ್ ಇತ್ತ್, ಕೂಕಣಿ!"

ಕಣ್ಣು ಮುಚ್ಚಿ ಮೈ ಕುಣಿಸುತ್ತಿದ್ದವನನ್ನು ನೋಡಿ ಮೀನಿನ ಅಕ್ಕ ಅವನಿಗೆ ಮೈಮೇಲೆ ದೇವರ ದರ್ಶನವೇ ಬಂತೆಂದು ತಿಳಿದರು. ಬುಟ್ಟಿ ಕೆಳಗಿಟ್ಟು, ಕೈ ಮುಗಿದು, "ಸ್ವಾಮಿ, ನಮ್ ಬೋಟಿಗ್ ಎಲ್ಲಿ ಮೀನ್ ಸಿಕ್ಕತ್ತ್?" ಎಂದು ಕೇಳಿದರು.

ಅವನು ಕಣ್ಣು ಬಿಡದೆ ಕೂಗಿದ: "ಹುಣ್ಸೆಮಕ್ಕಿ! ಹುಣ್ಸೆಮಕ್ಕಿ!"

ಅಕ್ಕ ತಲೆ ಎತ್ತಿ ಎರಡೂ ಕಿಟಕಿಯ ಹೊರಗೆ ನೋಡಿದರು. ಗದ್ದೆ, ಗುಡ್ಡೆ, ಅಂಗಡಿ. "ಸ್ವಾಮಿ, ಇಲ್ಲಿಗ್ ಬೋಟ್ ತಕಂಡ್ ಬಪ್ಪುದ್ ಹ್ಯಾಂಗೆ?"

ಧಣಿಯ ಸ್ನೇಹಿತರು

ಅದು ದರ್ಶನವಲ್ಲ, ಅವನ ಹೆದರಿಕೆಯ ಹಾಡು ಎಂದು ತಿಳಿದ ಮೇಲೆ ಅಕ್ಕ ನಗಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಮೆಲ್ಲಗೆ ಹೇಳಿದರು: "ಮಳಿ ಕಳ್ದ್ ಬೋಟ್ ಇಳ್ಸೂ ದಿನ ನಂಗೂ ಹೀಂಗೇ ಆತ್ತ್ ತಮ್ಮ. ನಮ್ಮನಿಯವ್ರ್ ವಾಪಾಸ್ ಬಪ್ಪಲ್ಲಿವರಿಗೂ ಎದಿ ಡವಡವ. ಇಷ್ಟ್ ವರ್ಷ ಆಯ್ತ್, ಯಾರಿಗೂ ಹೇಳ್ಲಿಲ್ಲ." ನಾನು ಅಂದು ಒಂದು ಫರ್ಲಾಂಗು ಹಾರ್ನ್ ಹಾಕದೆ ಓಡಿಸಿದೆ. ಮರುದಿನ ಅವನ ಹಾಡಿನಲ್ಲಿ ಅಕ್ಕನ ಬೋಟೂ ಸೇರಿತು. ಅಕ್ಕ ಬುಟ್ಟಿ ಬಡಿದು ತಾಳ ಹಾಕಿದರು. ಅಂದು ಬಸ್ಸಿಗೆಲ್ಲ ಮೀನಿನ ನೀರಿನ ಪ್ರೋಕ್ಷಣೆ.

ತಿಂಗಳು ತುಂಬಿದ ದಿನ ಧಣಿ ಹೇಳದೆ ಕೇಳದೆ ಬಂದು ಹಿಂದಿನ ಸೀಟಿನಲ್ಲಿ ಕೂತರು. ಕಂಡಕ್ಟರ್ ಗಮನಿಸಲಿಲ್ಲ. ಕಾಳಾವರ ದಾಟುವಾಗ ಹೊಸ ಸಾಲು ಬಿಟ್ಟ:

"ಎದ್ರ್ ಲಾರಿ ಬಂದ್ರೂ ಎಂತ ಇಲ್ಲ, ಧಣಿ ಬಂದ್ರೆ ಉಸ್ರೇ ಇಲ್ಲ!"

ಬಸ್ಸಿಗೆ ಬಸ್ಸೇ ಹಿಂದೆ ತಿರುಗಿ ನೋಡಿತು. ಅವನೂ ನೋಡಿದ, ಬೆಳ್ಳಗಾದ. ನಾನು ಕನ್ನಡಿಯಲ್ಲೇ ದೇವರನ್ನು ನೆನೆದೆ. ಅವನು ಕಂಬ ಹಿಡಿದು, ಮೂರು ಸಲ ಉದ್ದಕ್ಕೆ ಉಸಿರು ಬಿಟ್ಟು, ನಡುಗುವ ದನಿಯಲ್ಲೇ "ಬಿದ್ಕಲ್‌ಕಟ್ಟೆ, ಬಿದ್ಕಲ್‌ಕಟ್ಟೆ" ಎಂದು ಕೂಗಿದ. ಹಾಲಾಡಿ ಬರುವಾಗ ದನಿಯ ನಡುಕ ನಿಂತಿತ್ತು.

ಇಳಿಯುವಾಗ ಧಣಿ ಅವನ ಬೆನ್ನು ತಟ್ಟಿ "ಶೆಡ್ಡಿಗ್ ಬೇರೆ ಜನ ನೋಡ್ತೆ" ಎಂದರು. ಆಮೇಲೆ ನನ್ನ ಕಿಟಕಿಯ ಬಳಿ ಬಂದು ದನಿ ತಗ್ಗಿಸಿದರು. "ಆ ಡಾಕ್ಟ್ರಮ್ಮ ಯಾವ್ ದಿನ ಸಿಕ್ತ್ರ್? ನಂಗಲ್ಲ, ನನ್ನ್ ಸ್ನೇಹಿತ್ರೊಬ್ರಿಗೆ."

ಮುಂದಿನ ವಾರ ಕಂಡಕ್ಟರ್ ಮಾತ್ರೆ ತರಲು ಹೋದಾಗ ಆ ಸ್ನೇಹಿತರು ಸಾಲಿನಲ್ಲಿ ಕೂತಿದ್ದರಂತೆ. ನಮ್ಮ ಧಣಿಯದೇ ಅಂಗಿ, ನಮ್ಮ ಧಣಿಯದೇ ಮೀಸೆ.

ಎಕ್ಸ್‌ಪ್ರೆಸ್

ಇಷ್ಟೆಲ್ಲ ನೋಡಿ ನಕ್ಕವನಿಗೆ ಸರದಿ ಬರದೆ ಇರುತ್ತದೆಯೇ? ನನ್ನ ಸೊಂಟ ಹಿಡಿದುಕೊಂಡಿತು. ದೊಡ್ಡ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿ ಎಂದರು. ಜೊತೆಗೆ ಕಂಡಕ್ಟರ್ ಬಂದ.

ಅಷ್ಟು ದೊಡ್ಡ ಬಸ್ಸನ್ನು ಇಷ್ಟಗಲದ ಸೇತುವೆಯಲ್ಲಿ ದಾಟಿಸುವವನು ನಾನು. ಆ ಕೊಳವೆಯೊಳಗೆ ತಲೆ ಹೋಗಿದ್ದೇ ತಡ, ಎದೆ ಬಾಯಿಗೆ ಬಂತು. ಕೈಗೆ ಕೊಟ್ಟಿದ್ದ ಕರೆಗಂಟೆ ಒತ್ತಿ ಹೊರಬಂದೆ. ಎರಡನೆಯ ಸಲವೂ ಅದೇ. ಅಂಗೈ ತಣ್ಣಗೆ, ಮೈಯೆಲ್ಲ ಬೆವರು. ಆಗ ಗೊತ್ತಾಯಿತು, ಹುಣ್ಸೆಮಕ್ಕಿ ಹತ್ತಿರ ಅವನಿಗೆ ಏನಾಗಿತ್ತು ಎಂದು. ಶೆಡ್ಡಿನ ಮಾತು ನೆನಪಾಗಿ ನಾಚಿಕೆಯೂ ಆಯಿತು.

ಅವನು ನಗಲಿಲ್ಲ. ಮೆಷಿನ್ ನಡೆಸುವವರ ಹತ್ತಿರ ಹೋಗಿ, "ಸಾರ್, ಒಳಗಿದ್ದವ್ರ್ ಹತ್ರ ಮಾತಾಡು ಆ ಮೈಕ್ ನಂಗೊಮ್ಮೆ ಕೊಡಿ. ಇವ್ರ್ ನನ್ನ್ ಡ್ರೈವರ್" ಎಂದ.

ಮೂರನೆಯ ಸಲ ಒಳಗೆ ಹೋದೆ. ಮೆಷಿನ್ ಟಕಟಕ ಡುಂ ಎಂದು ಶುರುವಾಯಿತು. ಕಿವಿಯೊಳಗೆ ಅವನ ದನಿ: "ಬೀಟ್ ಲಾಯ್ಕ್ ಇತ್ತ್ ಅಣ್ಣಯ್ಯ! ಕೋಟೇಶ್ವರ, ಕಾಳಾವರ, ಇಲ್ಲಿ ಎದ್ರ್ ಟಿಪ್ಪರ್ ಬತ್ತಿಲ್ಲ, ಹೆದ್ರಿಕಿಗ್ ಹಿಂದ್ ಸೀಟ್ ಇತ್ತ್, ನಿಮ್ ಹತ್ರ ನಾ ಇದ್ದೆ!"

ಕಣ್ಣು ಮುಚ್ಚಿದೆ. ರಸ್ತೆ ಕಂಡಿತು. ಎದೆ ತಣ್ಣಗಾಯಿತು. ನನಗರಿವಿಲ್ಲದೆ ಕಣ್ಣಲ್ಲಿ ನೀರೂ ಬಂತು. ಅವನು ಒಂದೊಂದೇ ಸ್ಟಾಪು ಕೂಗಿದ ಹಾಗೆ ಹಾಲಾಡಿವರೆಗೆ ಹೋದೆ.

ಹೊರಗೆ ಬಂದಾಗ ಮೆಷಿನ್‌ನವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. "ಚಿತ್ರ ಎಲ್ಲ ಮಸುಕು ಮಾರಾಯ್ರೆ! ಇವರು 'ಹೋಲ್ಡಾನ್' ಅಂದಾಗಲೆಲ್ಲ ನೀವು ಬಲಗಾಲು ಒತ್ತಿದ್ದೀರಿ. ಪುನಃ ಮಾಡಬೇಕು."

ಕಂಡಕ್ಟರ್ ಒಂದು ಗಳಿಗೆ ಯೋಚಿಸಿದ. ಮೈಕ್ ಎತ್ತಿಕೊಂಡು ಹೇಳಿದ: "ಬೇಜಾರಿಲ್ಲ ಸಾರ್. ಈ ಟ್ರಿಪ್ ಎಕ್ಸ್‌ಪ್ರೆಸ್ ಮಾಡ್ತೆ."

ಕುಂದಾಪುರದಿಂದ ಹಾಲಾಡಿಗೆ ನಾನು ಬ್ರೇಕ್ ಮುಟ್ಟದೆ ಹೋದದ್ದು ಜೀವಮಾನದಲ್ಲಿ ಅದೊಂದೇ ಸಲ.